ಕನಜಾವದ ಇಜಾಕಾಯದಲ್ಲಿ ಮೀನು, ಊರಿನ ಸಾಕೆ: ಬಾಗಿಲ ಪರದೆಯಿಂದ ಬಿಲ್ಲಿನವರೆಗೆ

ಇಜಾಕಾಯವನ್ನು ‘ಜಪಾನಿನ ಪಬ್’ ಎಂದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ಎಡೋ ಕಾಲದಲ್ಲಿ (1603–1868) ಮದ್ಯದಂಗಡಿಗೆ ಬಂದವರು ಮನೆಗೆ ಒಯ್ಯುವ ಬದಲು ಅಲ್ಲೇ ಕೂತು ಕುಡಿಯತೊಡಗಿದರು. ‘ಇ’ ಎಂದರೆ ಇರುವುದು, ‘ಸಾಕಾಯ’ ಎಂದರೆ ಮದ್ಯದಂಗಡಿ. ನಂಚಿಕೊಳ್ಳಲೆಂದು ಇಟ್ಟದ್ದೇ ಬೆಳೆಯುತ್ತ ಬೆಳೆಯುತ್ತ ಊಟವಾಯಿತು. ಹಾಗಾಗಿ ಇಲ್ಲಿ ಹೋಟೆಲಿನ ಲೆಕ್ಕ ನಡೆಯುವುದಿಲ್ಲ. ಕೂತ ಕೂಡಲೇ ಎಲ್ಲವನ್ನೂ ಒಟ್ಟಿಗೆ ಹೇಳಿಬಿಟ್ಟರೆ ಮೇಜು ತುಂಬುತ್ತದೆ, ಬಿಸಿಯದು ಆರುತ್ತದೆ, ಹಸಿ ಮೀನು ಬೆಚ್ಚಗಾಗುತ್ತದೆ. ಒಂದೆರಡು ತಟ್ಟೆ ತರಿಸಿ, ತಿಂದು, ಆಮೇಲೆ ಮುಂದಿನದನ್ನು ಹೇಳಬೇಕು. ಈ ಲೇಖನದ ಬಹುಪಾಲು ಆ ಹೇಳುವ ಕ್ರಮದ ಬಗ್ಗೆಯೇ.

ಊರಾಗಿ ಕನಜಾವವನ್ನು ಇಟ್ಟುಕೊಂಡಿದ್ದೇವೆ. ಜಪಾನ್ ಸಮುದ್ರದ ಕಡೆಯ ಇಶಿಕಾವಾ ಪ್ರಾಂತ್ಯದ ಮುಖ್ಯ ಪಟ್ಟಣ ಇದು. 2015ರ ಮಾರ್ಚ್ 14ರಂದು ಶಿಂಕಾನ್‌ಸೆನ್ ಬುಲೆಟ್ ರೈಲು ಇಲ್ಲಿಗೆ ಬಂತು, ಟೋಕಿಯೋದಿಂದ ಸುಮಾರು ಎರಡೂವರೆ ಗಂಟೆಯ ದಾರಿ. ಉತ್ತರಕ್ಕೆ ನೋತೋ ಪರ್ಯಾಯ ದ್ವೀಪ, ದಕ್ಷಿಣಕ್ಕೆ 2,702 ಮೀಟರ್ ಎತ್ತರದ ಹಾಕುಸಾನ್ ಬೆಟ್ಟ. ಮೀನಿಗೆ ಒಂದು ಕಡೆ, ಸಾಕೆ ಎಂಬ ಅಕ್ಕಿ ಮದ್ಯದ ನೀರಿಗೆ ಇನ್ನೊಂದು ಕಡೆ.

ಮೊದಲು ತಿಂಗಳು ನೋಡಿ

ಯಾವ ಅಂಗಡಿ ಎಂಬುದಕ್ಕಿಂತ ಯಾವ ತಿಂಗಳು ಎಂಬುದು ಮುಖ್ಯ. ಇಲ್ಲಿನ ಹೆಣ್ಣು ಹಿಮ ಏಡಿಗೆ ‘ಕೋಬಾಕೋ’ ಎಂದು ಹೆಸರು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಇದು ಸಿಗುವುದು ನವೆಂಬರ್ 6ರಿಂದ ಡಿಸೆಂಬರ್ 29ರವರೆಗೆ ಮಾತ್ರ. ಗಂಡು ಏಡಿ, ಅಂದರೆ ‘ಕಾನೋ’, ಮಾರ್ಚ್ 20ರವರೆಗೂ ಉಂಟು. ಜನವರಿಯಲ್ಲಿ ಹೋಗಿ ಕೋಬಾಕೋ ಕೇಳಿದರೆ ಫ್ರೀಜರಿನದು ಸಿಕ್ಕೀತು, ಅಷ್ಟೆ.

ನವೆಂಬರ್ ಕೊನೆಯಿಂದ ಈ ಕರಾವಳಿಯಲ್ಲಿ ಗುಡುಗು ಶುರುವಾಗುತ್ತದೆ. ಜನ ಅದನ್ನು ‘ಬುರಿ-ಒಕೋಶಿ’ ಎನ್ನುತ್ತಾರೆ, ಬುರಿ ಮೀನನ್ನು ಎಬ್ಬಿಸುವ ಗುಡುಗು. ಆಗ ಬರುವ ಚಳಿಗಾಲದ ಬುರಿಯಲ್ಲಿ ಕೊಬ್ಬು ತುಂಬಿರುತ್ತದೆ.

ಜುಲೈ, ಆಗಸ್ಟ್ ತಿಂಗಳಲ್ಲಿ ಇಶಿಕಾವಾದ ತಳಬಲೆಯ ಟ್ರಾಲರುಗಳು ಕಡಲಿಗಿಳಿಯುವುದಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಲ್ಲಿಸುವಂತೆಯೇ ಇದು. ಆ ಎರಡು ತಿಂಗಳು ಇಲ್ಲಿನ ಹೊಸ ಸಿಹಿ ಸಿಗಡಿ ಕಷ್ಟ. ಆಗ ಬೊಂಡಾಸು (ಸ್ಕ್ವಿಡ್) ಮತ್ತು ನೋತೋದ ಬಂಡೆ ಸಿಂಪಿ ‘ಇವಾಗಾಕಿ’ ಕಡೆಗೆ ತಿರುಗಿ. ವಸಂತದಲ್ಲಿ ಪಕ್ಕದ ತೊಯಾಮಾ ಕೊಲ್ಲಿಯ ಮಿಂಚುಹುಳದಂಥ ಪುಟ್ಟ ಬೊಂಡಾಸು, ‘ಹೊತಾರು-ಇಕಾ’, ಕನಜಾವದ ಮೇಜುಗಳಿಗೂ ಬರುತ್ತದೆ.

ಅಂಗಡಿ ಆರಿಸುವುದು, ಜಾಗ ಕಾದಿರಿಸುವುದು

ಇಜಾಕಾಯಗಳು ದಟ್ಟವಾಗಿರುವುದು ಕಾತಾಮಾಚಿ ಬೀದಿಗಳಲ್ಲಿ, ಆಮೇಲೆ ರೈಲು ನಿಲ್ದಾಣದ ಸುತ್ತ ಮತ್ತು ಓಮಿಚೋ ಮಾರುಕಟ್ಟೆಯ ಅಂಚಿನಲ್ಲಿ. ಹೊರಗೆ ನಿಂತು ಎರಡು ವಿಷಯ ನೋಡಿಕೊಳ್ಳಿ. ಅಂದಂದಿನ ಮೀನಿನ ಪಟ್ಟಿಯನ್ನು ಕೈಯಲ್ಲಿ ಬರೆದು ಹಾಕಿದ್ದಾರೆಯೇ? ಅದರಲ್ಲಿ ಊರಿನ ಹೆಸರುಗಳು (ನೋತೋ, ನಾನಾವೊ, ಹಿಮಿ) ಇವೆಯೇ? ವರ್ಷವಿಡೀ ಬದಲಾಗದ, ಪ್ಲಾಸ್ಟಿಕ್ ಹೊದಿಸಿದ ಬಣ್ಣದ ಚಿತ್ರಗಳ ಮೆನು ಇದ್ದರೆ ಅಂಗಡಿ ಕೆಟ್ಟದ್ದು ಎಂದಲ್ಲ. ಆದರೆ ನೀವು ಹುಡುಕಿ ಬಂದ ಮೀನು ಅಲ್ಲಿ ಸಿಗುವ ಸಂಭವ ಕಡಿಮೆ. ‘ನೋಮಿಹೋದಾಯ್’, ಅಂದರೆ 90 ಅಥವಾ 120 ನಿಮಿಷ ಎಷ್ಟು ಬೇಕಾದರೂ ಕುಡಿಯಿರಿ ಎಂಬ ಯೋಜನೆ, ಗುಂಪಿಗೆ ಅಗ್ಗ. ಆದರೆ ಅದರಲ್ಲಿ ಒಳ್ಳೆಯ ಸಾಕೆಗಳು ಹೆಚ್ಚಾಗಿ ಸೇರಿರುವುದಿಲ್ಲ.

ಮೀನು ಮಾರುಕಟ್ಟೆಗೆ ರಜೆ ಇರುವ ಭಾನುವಾರ ಬಹಳಷ್ಟು ಒಳ್ಳೆಯ ಅಂಗಡಿಗಳೂ ಮುಚ್ಚಿರುತ್ತವೆ, ಕೆಲವು ಬುಧವಾರವೂ. ವಾರದ ನಡುವೆ ಎರಡು ಮೂರು ದಿನ ಮುಂಚೆ ಹೇಳಿದರೆ ಸಾಕು. ಏಡಿಯ ಕಾಲಕ್ಕೆ ಮತ್ತು ಶುಕ್ರ, ಶನಿವಾರ ಸಂಜೆಗೆ ಇನ್ನೂ ಬೇಗ ಹೇಳಬೇಕು. ಹೋಟೆಲಿನ ರಿಸೆಪ್ಷನಿನವರಿಂದ ಫೋನ್ ಮಾಡಿಸುವುದು ಸುಲಭ. ಇಬ್ಬರೇ ಇದ್ದರೆ ಕೌಂಟರ್ ಕೇಳಿ: ಗಾಜಿನ ಪೆಟ್ಟಿಗೆಯಲ್ಲಿರುವ ಮೀನು ಕಣ್ಣೆದುರೇ ಇರುತ್ತದೆ, ಬೆರಳು ತೋರಿಸಿ ಕೇಳಬಹುದು. ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಿ. ಹನ್ನೆರಡು ಸೀಟಿನ ಅಂಗಡಿಯಲ್ಲಿ ಎರಡು ಸೀಟು ಖಾಲಿ ಬಿದ್ದರೆ ಅವರ ಮೀನೂ ಹಾಗೇ ಉಳಿಯುತ್ತದೆ.

ಮಕ್ಕಳಿದ್ದರೆ ಸಿಗರೇಟಿನ ವಿಷಯ ಮುಂಚೆಯೇ ಕೇಳಿ. 2020ರ ಏಪ್ರಿಲ್‌ನಿಂದ ಒಳಾಂಗಣ ಧೂಮಪಾನಕ್ಕೆ ನಿರ್ಬಂಧ ಇದೆ, ಆದರೆ ಹಳೆಯ ಪುಟ್ಟ ಅಂಗಡಿಗಳಿಗೆ ವಿನಾಯಿತಿ ಉಂಟು. ಅಂಥ ಕಡೆ 20 ವರ್ಷದೊಳಗಿನವರನ್ನು ಒಳಗೆ ಬಿಡುವಂತಿಲ್ಲ. ಕುಡಿಯುವ ವಯಸ್ಸೂ 20.

ಒಳಗೆ ಕಾಲಿಟ್ಟ ಮೇಲೆ

ಬಾಗಿಲಲ್ಲಿ ‘ನೋರೆನ್’ ಎಂಬ ಬಟ್ಟೆಯ ಪರದೆ ತೂಗುತ್ತಿದ್ದರೆ ಅಂಗಡಿ ತೆರೆದಿದೆ, ಒಳಗೆ ತೆಗೆದಿಟ್ಟಿದ್ದರೆ ಮುಚ್ಚಿದೆ. ದೀಪ ಉರಿಯುತ್ತಿದೆ ಎಂದು ಬಾಗಿಲು ಸರಿಸಬೇಡಿ. ಒಳಗೆ ಹೋಗಿ ಹೊಸ್ತಿಲ ಹತ್ತಿರವೇ ನಿಂತು ಬೆರಳಲ್ಲಿ ಎಷ್ಟು ಜನ ಎಂದು ತೋರಿಸಿ. ‘ಫುತಾರಿ ದೆಸ್ ಗಾ, ಹೈರೆಮಾಸ್ ಕಾ?’ ಎಂದರೆ ‘ಇಬ್ಬರಿದ್ದೇವೆ, ಜಾಗ ಇದೆಯೇ?’. ಖಾಲಿ ಕಂಡ ಕುರ್ಚಿಗೆ ನೀವಾಗಿಯೇ ಹೋಗಿ ಕೂರಬಾರದು. ತತಾಮಿ ಚಾಪೆಯ ಜಗಲಿ ಇದ್ದರೆ ಚಪ್ಪಲಿ ಕೆಳಗೇ ಬಿಡಬೇಕು, ಆದ್ದರಿಂದ ತೂತಿಲ್ಲದ ಕಾಲುಚೀಲ ಹಾಕಿಕೊಂಡು ಬನ್ನಿ.

ಕೂತ ಕೂಡಲೇ ಒದ್ದೆ ಟವೆಲು ಬರುತ್ತದೆ, ಅದು ಕೈಗೆ. ಅದರ ಹಿಂದೆಯೇ ನೀವು ಕೇಳದ ಒಂದು ಪುಟ್ಟ ಬಟ್ಟಲು. ಇದು ‘ಒತೋಶಿ’. ಕೂತ ಜಾಗದ ಬಾಡಿಗೆ ಎಂದುಕೊಳ್ಳಿ, ತಲೆಗೆ ಸಾಮಾನ್ಯವಾಗಿ 300ರಿಂದ 500 ಯೆನ್, ಒಳ್ಳೆಯ ಮೀನಿನಂಗಡಿಯಲ್ಲಿ ಇನ್ನೂ ಹೆಚ್ಚು. ‘ನಾವು ಹೇಳಿರಲಿಲ್ಲ’ ಎಂದು ವಾಪಸ್ ಕಳಿಸುವ ಪ್ರವಾಸಿಗರಿಂದಲೇ ಅರ್ಧ ಜಗಳಗಳು. ಇದರಿಂದ ಒಂದು ಉಪಯೋಗವೂ ಇದೆ: ಒತೋಶಿಯಲ್ಲಿ ಕೈಯಾರೆ ಮಾಡಿದ ಏನಾದರೂ ಬಂದರೆ ಅಡುಗೆಮನೆಯ ಮೇಲೆ ಭರವಸೆ ಇಡಬಹುದು.

ಮೊದಲ ಪಾನೀಯವನ್ನು ತಡಮಾಡದೆ ಹೇಳಿ. ಡ್ರಾಫ್ಟ್ ಬಿಯರಿಗೆ ‘ನಾಮಾ’. ಕುಡಿಯದವರು ಊಲಾಂಗ್ ಚಹಾ ಹೇಳಬಹುದು, ಯಾರೂ ಹುಬ್ಬೇರಿಸುವುದಿಲ್ಲ. ಏನೂ ಹೇಳದೆ ನೀರಷ್ಟೇ ಇಟ್ಟುಕೊಂಡು ಕೂರುವುದು ಮಾತ್ರ ಸಲ್ಲದು. ಬಿಯರ್ ಬರುವಷ್ಟರಲ್ಲಿ ಗೋಡೆಯ ಪಟ್ಟಿ ಓದುವ ಕೆಲಸ.

ಪಟ್ಟಿ ಓದುವುದು, ಮೀನು ಹೇಳುವುದು

ಕುಂಚದಲ್ಲಿ ಬರೆದ ಅಕ್ಷರಗಳನ್ನು ಫೋನಿನ ಕ್ಯಾಮೆರಾ ಅನುವಾದಕ ಸರಿಯಾಗಿ ಓದುವುದಿಲ್ಲ. ಅದರ ಬದಲು ಒಂದೇ ಪ್ರಶ್ನೆ ಕಲಿತು ಹೋಗಿ: ‘ಕ್ಯೋ ನೋ ಜಿಮೋನೋ ವಾ ನಾನ್ ದೆಸ್ ಕಾ?’ ಇಂದು ಇಲ್ಲಿಯದೇ ಆದದ್ದು ಏನಿದೆ? ಬಿರುಗಾಳಿಯಿಂದ ಎರಡು ದಿನ ದೋಣಿ ಹೋಗಿರದಿದ್ದರೆ ಅದನ್ನೂ ಹೇಳುತ್ತಾರೆ. ಅಂಥ ದಿನ ಹಸಿ ಮೀನಿಗೆ ಹಟ ಹಿಡಿಯದೆ ಹುದುಗಿಸಿದ್ದು, ಬೇಯಿಸಿದ್ದರ ಕಡೆ ಹೋಗುವುದು ಜಾಣತನ. ಬೆಲೆಯ ಜಾಗದಲ್ಲಿ ‘ಜಿಕಾ’ ಎಂದಿದ್ದರೆ ಅಂದಿನ ಮಾರುಕಟ್ಟೆ ದರ. ‘ಇಕುರಾ ದೆಸ್ ಕಾ?’ ಎಂದು ಮೊದಲೇ ಕೇಳಿ, ಅದರಲ್ಲಿ ನಾಚಿಕೆ ಏನಿಲ್ಲ. (ಬರೀ ‘ಇಕುರಾ’ ಅಂದರೆ ಸಾಲ್ಮನ್ ಮೊಟ್ಟೆ. ಪೂರ್ತಿ ವಾಕ್ಯ ಹೇಳುವುದು ಒಳ್ಳೆಯದು.)

ಮೊದಲ ಸುತ್ತಿಗೆ ಎರಡನ್ನು ಒಟ್ಟಿಗೆ ಹೇಳಿ: ಒಂದು ಸಶಿಮಿ (ಹಸಿ ಮೀನಿನ ಹೋಳುಗಳು) ತಟ್ಟೆ, ಒಂದು ಸುಟ್ಟ ಮೀನು. ಇಡೀ ಮೀನು ಸುಡಲು ಇಪ್ಪತ್ತು ನಿಮಿಷವಾದರೂ ಬೇಕು, ಸಶಿಮಿ ತಿಂದು ಮುಗಿಸುವ ಹೊತ್ತಿಗೆ ಅದು ಬರುತ್ತದೆ. ಸುಟ್ಟದ್ದನ್ನು ಆಮೇಲೆ ನೆನಪಾಗಿ ಹೇಳುವವರು ಖಾಲಿ ತಟ್ಟೆ ನೋಡುತ್ತ ಕೂರುತ್ತಾರೆ.

ಸಶಿಮಿಯಲ್ಲಿ ಬಿಳಿ ಮೀನು, ಬೊಂಡಾಸು, ಸಿಗಡಿ ಮೊದಲು, ಕೊಬ್ಬಿನ ಬುರಿ ಕೊನೆಗೆ. ವಸಾಬಿಯನ್ನು (ಖಾರದ ಹಸಿರು ಗೊಜ್ಜು) ಸೋಯಾ ಸಾಸಿನಲ್ಲಿ ಕಲಸದೆ ತುಂಡಿನ ಮೇಲಿಟ್ಟು, ಒಂದು ತುದಿಯನ್ನಷ್ಟೇ ಸೋಯಾಗೆ ತಾಗಿಸಿ. ಕನಜಾವದ ಓನೋ ಬಂದರಿನ ಸೋಯಾ ತುಸು ಸಿಹಿ, ಬಿಳಿ ಮೀನನ್ನು ಅದರಲ್ಲಿ ಮುಳುಗಿಸಿದರೆ ಬಾಯಿಗೆ ಬರುವುದು ಸೋಯಾದ ರುಚಿ ಮಾತ್ರ. ಕೊಬ್ಬಿನ ಬುರಿಯ ಮೇಲೆ ಸೋಯಾ ಜಾರಿಹೋಗುತ್ತದೆ, ಅದಕ್ಕೆ ವಸಾಬಿ ಹೆಚ್ಚೇ ಬೇಕು.

ಪಟ್ಟಿಯಲ್ಲಿ ‘ಫುಕುರಾಗಿ’, ‘ಗಾಂದೋ’ ಎಂದು ಕಂಡರೆ ಬೇರೆ ಮೀನು ಎಂದುಕೊಳ್ಳಬೇಡಿ. ಬುರಿಗೆ ಬೆಳೆದಂತೆಲ್ಲ ಹೆಸರು ಬದಲಾಗುತ್ತದೆ: ಕೋಜೋಕುರಾ, ಫುಕುರಾಗಿ, ಗಾಂದೋ, ಆಮೇಲೆ ಬುರಿ. ಚಿಕ್ಕದರಲ್ಲಿ ಕೊಬ್ಬು ಕಡಿಮೆ, ಬೆಲೆಯೂ ಕಡಿಮೆ. ಬೇಸಿಗೆಯಲ್ಲಿ ಫುಕುರಾಗಿಯೇ ಸರಿ.

ಸಿಗಡಿಯಲ್ಲಿ ಎಲ್ಲರೂ ಕೇಳುವುದು ‘ಅಮಾಯೆಬಿ’, ಸಿಹಿ ಸಿಗಡಿ. ನಮ್ಮ ಮತ ‘ಗಾಸುಯೆಬಿ’ಗೆ. ನೋಡಲು ಕಂದು, ಮಂಕು. ಹಿಡಿದ ಕೆಲವೇ ಹೊತ್ತಿನಲ್ಲಿ ಬಣ್ಣ ಕೆಡುವುದರಿಂದ ದೂರದ ಊರುಗಳಿಗೆ ಕಳಿಸುವುದು ಕಡಿಮೆ, ಆದ್ದರಿಂದ ಇಲ್ಲಿಯೇ ತಿನ್ನಬೇಕು. ತಲೆಗಳನ್ನು ಬಿಸಾಡದೆ ಕರಿದು ಕೊಡುತ್ತೀರಾ ಎಂದು ಕೇಳಿ, ಬಹಳ ಕಡೆ ಕೊಡುತ್ತಾರೆ.

ಸುಡಲು ‘ನೊದೊಗುರೊ’. ಹೆಸರಿನ ಅರ್ಥ ಕಪ್ಪು ಗಂಟಲು, ಬಾಯಿ ತೆರೆದು ನೋಡಿದರೆ ಒಳಗೆ ನಿಜಕ್ಕೂ ಕಪ್ಪು. ಬಿಳಿ ಮಾಂಸವಾದರೂ ಎಣ್ಣೆ ಜಿನುಗುವಷ್ಟು ಕೊಬ್ಬು. ಉಪ್ಪು ಹಚ್ಚಿ ಸುಟ್ಟದ್ದೇ ಒಳ್ಳೆಯದು, ಇಬ್ಬರಿಗೆ ಒಂದು ಸಾಕು. ಬೆಲೆ ಗಾತ್ರದ ಮೇಲೆ, ಆದ್ದರಿಂದ ಹೇಳುವ ಮುನ್ನ ಮೀನನ್ನು ತೋರಿಸಲು ಕೇಳಿ.

ಕೋಬಾಕೋ ಏಡಿಯನ್ನು ಕಾಲಿನ ಮಾಂಸ ಬಿಡಿಸಿ ಚಿಪ್ಪಿನಲ್ಲೇ ಜೋಡಿಸಿ ತರುತ್ತಾರೆ. ಒಳಗಿನ ಕಿತ್ತಳೆ ಬಣ್ಣದ ಗಟ್ಟಿ ಅಂಡಾಶಯ ‘ಉಚಿಕೋ’, ಹೊಟ್ಟೆಗೆ ಅಂಟಿದ್ದ ಪುಟುಪುಟು ಮೊಟ್ಟೆ ‘ಸೊತೋಕೋ’. ಎರಡನ್ನೂ ಮಾಂಸದ ಜೊತೆ ಸೇರಿಸಿ ತಿನ್ನಿ. ಚಿಪ್ಪು ಖಾಲಿಯಾದ ಮೇಲೆ ಅದಕ್ಕೆ ಬಿಸಿ ಸಾಕೆ ಸುರಿದು ಕುಡಿಯುವುದೂ ಇಲ್ಲಿನ ರೂಢಿ. ಇದೇ ಏಡಿಯನ್ನು ಓದೆನ್ ಸಾರಿನಲ್ಲಿ ಬೇಯಿಸಿದ ‘ಕಾನಿಮೆನ್’ ಕೂಡ ಕನಜಾವದ ವಿಶೇಷ. ಅದೇ ಸಾರಿನಲ್ಲಿ ಚಕ್ರದಾಕಾರದ ಗೋಧಿ ಅಂಟಿನ ‘ಕುರುಮಾಫು’, ‘ಬಾಯ್’ ಎಂಬ ಕಡಲ ಬಸವನಹುಳು ಇರುತ್ತವೆ.

ಎರಡನೇ ಸುತ್ತಿಗೆ ಹುದುಗಿಸಿದ್ದನ್ನು ಒಂದಾದರೂ ಹೇಳಿ. ಬೂತಾಯಿ ಜಾತಿಯ ಮೀನನ್ನು ಉಪ್ಪು ಹಾಕಿ, ಅಕ್ಕಿ ತೌಡಿನಲ್ಲಿ ತಿಂಗಳುಗಟ್ಟಲೆ ಹೂತಿಟ್ಟದ್ದು ‘ಕೊಂಕಾ-ಇವಾಶಿ’. ಒಣಮೀನಿನ ವಾಸನೆ ಗೊತ್ತಿದ್ದವರಿಗೆ ಹೊಸದೇನಲ್ಲ, ಉಪ್ಪು ಮಾತ್ರ ಬಲು ಜಾಸ್ತಿ. ಅಕ್ಕಿಕಾಳಿನಷ್ಟು ಕಚ್ಚಿ ಒಂದು ಗುಟುಕು ಸಾಕೆ, ಅದು ಲೆಕ್ಕ. ಇನ್ನೊಂದು, ಕೇಳಿದರೆ ಗಾಬರಿಯಾಗುವಂಥದ್ದು: ವಿಷದ ಫುಗು ಮೀನಿನ ಅಂಡಾಶಯ. ವರ್ಷಕ್ಕೂ ಹೆಚ್ಚು ಉಪ್ಪಿನಲ್ಲಿ, ಮತ್ತೆ ವರ್ಷಕ್ಕೂ ಹೆಚ್ಚು ತೌಡಿನಲ್ಲಿ ಇಟ್ಟ ಮೇಲೆ ವಿಷ ಇಳಿಯುತ್ತದೆ. ಏಕೆ ಇಳಿಯುತ್ತದೆ ಎಂಬುದು ವಿಜ್ಞಾನಕ್ಕೂ ಪೂರ್ತಿ ಬಿಡಿಸಲಾಗದ ಒಗಟು. ಪರೀಕ್ಷೆ ಮಾಡಿಯೇ ಮಾರುತ್ತಾರೆ. ಎರಡು ತೆಳು ಹಲ್ಲೆ ಸಾಕು.

ಇಬ್ಬರಿಗೆ ಒಟ್ಟು ಲೆಕ್ಕ ಹೀಗಿರಲಿ: ಐದು ಬಗೆಯ ಸಶಿಮಿ ಒಂದು, ಸುಟ್ಟದ್ದು ಒಂದು, ಓದೆನ್ ನಾಲ್ಕು ತುಂಡು ಅಥವಾ ಬೇಯಿಸಿದ ಮೀನು ಒಂದು, ಹುದುಗಿಸಿದ್ದು ಒಂದು, ತರಕಾರಿಯ ತಟ್ಟೆ ಒಂದು. ಕೊನೆಗೆ ಅನ್ನದ ಬಾಬತ್ತು.

ಸಾಕೆ ಹೇಳುವುದು

ನಮ್ಮ ಕಿವಿಗೆ ಅದು ‘ಸಾಕೇ?’ ಎಂಬ ಪ್ರಶ್ನೆ. ಜಪಾನಿನಲ್ಲಿ ‘ಸಾಕೆ’ ಎಂದರೆ ಯಾವ ಮದ್ಯವೂ ಆಗಬಹುದು. ಅಕ್ಕಿಯದೇ ಬೇಕಿದ್ದರೆ ‘ನಿಹೋನ್‌ಶು’, ಊರಿನದು ಬೇಕಿದ್ದರೆ ‘ಜಿಜಾಕೆ’ ಎನ್ನಿ.

ಅಳತೆ ‘ಗೋ’. ಒಂದು ಗೋ 180 ಮಿಲಿ, ಸಾಕೆಯ ಮದ್ಯಾಂಶ ಸಾಮಾನ್ಯವಾಗಿ 15–16 ಶೇಕಡ. ಅಂದರೆ ಒಂದು ಗೋದಲ್ಲಿ ಸುಮಾರು 22 ಗ್ರಾಂ ಮದ್ಯಸಾರ, 500 ಮಿಲಿ ಬಿಯರಿಗಿಂತ ತುಸು ಹೆಚ್ಚೇ. ಪುಟ್ಟ ಬಟ್ಟಲಲ್ಲಿ ಗುಟುಕರಿಸುವಾಗ ಇದು ಗೊತ್ತಾಗುವುದಿಲ್ಲ, ಎದ್ದು ನಿಂತಾಗ ಗೊತ್ತಾಗುತ್ತದೆ. ‘ಗೆನ್‌ಶು’ ಎಂದರೆ ನೀರು ಬೆರೆಸದ್ದು, 17ರಿಂದ 20 ಶೇಕಡ. ಪ್ರತಿ ಗೋಗೆ ಅಷ್ಟೇ ನೀರು ಕುಡಿಯಿರಿ. ಈ ನೀರಿಗೆ ‘ಯಾವಾರಾಗಿ-ಮಿಜು’ ಎಂದೇ ಹೆಸರಿದೆ. ‘ಒಮಿಜು ಕುದಾಸಾಯ್’ ಎಂದರೆ ತರುತ್ತಾರೆ.

ಲೇಬಲಿನಲ್ಲಿ ನೋಡಬೇಕಾದ್ದು ಸ್ವಲ್ಪವೇ. ‘ಜುನ್‌ಮಾಯ್’ ಎಂದರೆ ಅಕ್ಕಿ, ಕೋಜಿ (ಹುದುಗಿಸಲು ಬೂಷ್ಟು ಬೆಳೆಸಿದ ಅಕ್ಕಿ), ನೀರು ಅಷ್ಟೇ. ‘ಗಿಂಜೋ’ದಲ್ಲಿ ಅಕ್ಕಿಯನ್ನು ಉಜ್ಜಿ 60 ಶೇಕಡ ಅಥವಾ ಅದಕ್ಕೂ ಕಡಿಮೆ ಉಳಿಸಿರುತ್ತಾರೆ, ‘ದಾಯ್‌ಗಿಂಜೋ’ದಲ್ಲಿ 50. ಹೆಚ್ಚು ಉಜ್ಜಿದಷ್ಟೂ ಹಣ್ಣಿನ ಪರಿಮಳ, ಹೆಚ್ಚು ಬೆಲೆ. ಆದರೆ ಹೆಚ್ಚು ಬೆಲೆಯದೇ ಮೀನಿಗೆ ಹೊಂದುತ್ತದೆ ಎಂಬುದು ತಪ್ಪು. ಸುಟ್ಟ ನೊದೊಗುರೊ ಪಕ್ಕದಲ್ಲಿ ದಾಯ್‌ಗಿಂಜೋ ಇಟ್ಟರೆ ಎರಡೂ ಹಾಳು.

ಇಶಿಕಾವಾದ ಬಲ ಇರುವುದು ‘ಯಾಮಾಹಾಯ್’ನಲ್ಲಿ. ಮೂಲ ಹುದುಗಿಗೆ ಲ್ಯಾಕ್ಟಿಕ್ ಆಮ್ಲ ಸುರಿಯದೆ ಅದು ತಾನಾಗಿ ಹುಟ್ಟಲು ಬಿಡುವ ವಿಧಾನ ಇದು, ಎರಡು ವಾರದ ಕೆಲಸಕ್ಕೆ ಸುಮಾರು ನಾಲ್ಕು ವಾರ ಹಿಡಿಯುತ್ತದೆ. ಹುಳಿ, ಖಾರ, ಅಕ್ಕಿಯ ಸಾರ ಎಲ್ಲ ದಟ್ಟ. ಕಿಕುಹಿಮೆ, ತೆಂಗುಮಾಯ್ ಇದಕ್ಕೆ ಹೆಸರಾದವು. ಇವೆರಡೂ, ತೆದೋರಿಗಾವಾ ಕೂಡ, ಹಾಕುಸಾನ್ ಪಟ್ಟಣದವು. ‘ಹಾಕುಸಾನ್’ ಹೆಸರಿಗೆ 2005ರಲ್ಲೇ ಭೌಗೋಳಿಕ ಸೂಚಕ ಸಿಕ್ಕಿತು, ಸಾಕೆಯಲ್ಲಿ ಅದೇ ಮೊದಲನೆಯದು. ಕನಜಾವ ನಗರದೊಳಗಿನ ‘ಕಾಗಾತೋಬಿ’ 1625ರಲ್ಲಿ ಶುರುವಾದ ಮನೆತನದ್ದು. ನೋತೋ ಕಡೆಯವು ಸೋಗೆನ್, ಚಿಕುಹಾ. 2024ರ ಜನವರಿ 1ರ ಭೂಕಂಪದಲ್ಲಿ ಅಲ್ಲಿನ ಭಟ್ಟಿಗಳು ಕುಸಿದಾಗ ಬೇರೆ ಊರಿನವರು ತಮ್ಮಲ್ಲಿ ಜಾಗ ಕೊಟ್ಟು ಸಾಕೆ ಮಾಡಿಸಿದರು. ನೋತೋದ ಬಾಟಲಿಯ ಮೇಲೆ ಬೇರೆ ಊರಿನ ಭಟ್ಟಿಯ ಹೆಸರು ಕಂಡರೆ ಅನುಮಾನ ಬೇಡ.

ಕ್ರಮ ಹೀಗೆ: ಬಿಳಿ ಮೀನಿನ ಸಶಿಮಿಗೆ ತಣ್ಣಗಿನ ಗಿಂಜೋ. ಬುರಿ ಬಂದಾಗ ಸಾದಾ ಜುನ್‌ಮಾಯ್. ಸುಟ್ಟದ್ದು, ಓದೆನ್, ಕೊಂಕಾ ಬಂದಾಗ ಯಾಮಾಹಾಯ್ ಬಿಸಿ ಮಾಡಿಸಿ. ಅದರ ಹುಳಿ ಮೀನಿನ ಕೊಬ್ಬನ್ನು ತೊಳೆಯುತ್ತದೆ, ಬಿಸಿಗೆ ಅಕ್ಕಿಯ ರುಚಿ ಅರಳುತ್ತದೆ. ಗಿಂಜೋವನ್ನು ಹಾಗೆ ಕಾಯಿಸಿದರೆ ಪರಿಮಳವೇ ಹಾರಿಹೋಗುತ್ತದೆ.

ಬಿಸಿಗೂ ಮೆಟ್ಟಿಲುಗಳಿವೆ. ‘ನುರುಕಾನ್’ 40 ಡಿಗ್ರಿ, ‘ಜೋಕಾನ್’ 45, ‘ಅತ್ಸುಕಾನ್’ 50. ಬರೀ ‘ಬಿಸಿ’ ಎಂದರೆ ಕೆಲವು ಕಡೆ ನಾಲಿಗೆ ಸುಡುವಷ್ಟು ಬರುತ್ತದೆ. ‘ನುರುಕಾನ್ ದೆ’ ಎನ್ನಿ. ತಣ್ಣಗಿನದರಲ್ಲಿ ಒಂದು ಮೋಸ ಉಂಟು: ‘ಹಿಯಾ’ ಎಂದರೆ ತಣ್ಣಗಿನದಲ್ಲ, ಕೋಣೆಯ ಉಷ್ಣತೆಯದು. ಫ್ರಿಜ್ಜಿನದಕ್ಕೆ ‘ರೇಶು’. ಇನ್ನು ‘ಒಹಿಯಾ’ ಎಂದರೆ ಕುಡಿಯುವ ನೀರು!

ಯಾವುದು ಎಂದು ತೋಚದಿದ್ದರೆ ಮೂರು ಪುಟ್ಟ ಲೋಟಗಳ ‘ನೋಮಿಕುರಾಬೆ’ ಕೇಳಿ, ಇಬ್ಬರ ನಡುವೆ ಒಂದು. ಮರದ ಚೌಕ ಪೆಟ್ಟಿಗೆಯೊಳಗೆ ಲೋಟವಿಟ್ಟು ಉಕ್ಕಿಸಿ ಸುರಿದರೆ ಎತ್ತಲು ಹೋಗಬೇಡಿ. ಮೊದಲು ಬಗ್ಗಿ ಒಂದು ಗುಟುಕು ಹೀರಿ, ಆಮೇಲೆ ಎತ್ತಿ. ಪೆಟ್ಟಿಗೆಗೆ ಬಿದ್ದದ್ದೂ ನಿಮ್ಮದೇ. ಹಂಚಿ ಕುಡಿಯುವಾಗ ನಿಮ್ಮ ಬಟ್ಟಲಿಗೆ ನೀವೇ ಸುರಿದುಕೊಳ್ಳದೆ ಎದುರಿನವರದ್ದಕ್ಕೆ ಸುರಿಯಿರಿ.

ಎಡವುವ ಜಾಗಗಳು

ಹಸಿ ಬಂಗುಡೆ ಜಾತಿ, ಬೊಂಡಾಸಿನಲ್ಲಿ ‘ಅನಿಸಾಕಿಸ್’ ಎಂಬ ಹುಳ ಇರಬಹುದು. ತಿಂದ ಕೆಲವು ಗಂಟೆಗಳಲ್ಲಿ ಹೊಟ್ಟೆ ಹಿಂಡುವ ನೋವು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ, ಎಂಡೊಸ್ಕೋಪಿಯಲ್ಲಿ ತೆಗೆಯುತ್ತಾರೆ. ವಿನಿಗರ್, ವಸಾಬಿ, ಮದ್ಯ ಯಾವುದಕ್ಕೂ ಅದು ಸಾಯುವುದಿಲ್ಲ. ಸಾಯುವುದು ಬೇಯಿಸಿದರೆ, ಇಲ್ಲವೇ ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ ಇಟ್ಟರೆ. ಹೊತಾರು-ಇಕಾದ ಹುಳ ಬೇರೆ, ಅದಕ್ಕೆ ಮೈನಸ್ 30ರಲ್ಲಿ ನಾಲ್ಕು ದಿನ ಬೇಕು. ಅದನ್ನು ಬೇಯಿಸಿ, ಮಿಸೋ (ಹುದುಗಿಸಿದ ಸೋಯಾ ಹಿಟ್ಟು) ಮತ್ತು ವಿನಿಗರ್ ಗೊಜ್ಜಿನ ಜೊತೆ ತಿನ್ನುವುದೇ ಕ್ಷೇಮ. ಮಾರುಕಟ್ಟೆಯಿಂದ ಹಸಿಯದನ್ನು ತಂದು ರೂಮಿನಲ್ಲಿ ತಿನ್ನುವ ಸಾಹಸ ಬೇಡ.

ಸಸ್ಯಾಹಾರಿಗಳಿಗೆ ಸುತ್ತುಬಳಸದೆ ಹೇಳುವುದಾದರೆ, ಇದು ನಿಮ್ಮ ಜಾಗವಲ್ಲ. ಮೂಲಂಗಿ ಬೇಯಿಸಿದ್ದರಲ್ಲೂ, ಮಿಸೋ ಸಾರಿನಲ್ಲೂ ಮೀನಿನ ತಿಳಿ ಸಾರು ‘ದಾಶಿ’ ಇರುತ್ತದೆ. ಗುಂಪಿನೊಂದಿಗೆ ಬರಲೇಬೇಕಾದರೆ ಉಪ್ಪು ಹಾಕಿದ ಎದಾಮಾಮೆ (ಹಸಿ ಸೋಯಾ ಕಾಯಿ), ‘ಕಾತ್ಸುಒಬುಶಿ ನಾಶಿ ದೆ’ (ಮೀನಿನ ತುರಿ ಬೇಡ) ಎಂದು ಹೇಳಿ ತರಿಸಿದ ತೋಫು, ಬಿಳಿ ಅನ್ನ. ತೋಫುವಿಗೆ ಸಾದಾ ಸೋಯಾವನ್ನೇ ಕೇಳಿ, ದಾಶಿ ಬೆರೆಸಿದ ಸೋಯಾ ಇಡುವ ಅಂಗಡಿಗಳೂ ಇವೆ.

ಮುಗಿಸುವುದು

ಕೊನೆಯ ಅನ್ನಕ್ಕೆ ‘ಶಿಮೆ’ ಎನ್ನುತ್ತಾರೆ: ದಾಶಿ ಸುರಿದ ಒಚಾಜುಕೆ, ಅನ್ನದ ಉಂಡೆ, ಇಲ್ಲವೇ ಮೀನಿನ ತಲೆಯ ಮಿಸೋ ಸಾರು. ಅನ್ನ ಬಂದ ಮೇಲೆ ಮತ್ತೆ ಸಾಕೆ ಕೇಳುವುದು ಕಡಿಮೆ. ‘ರಾಸ್ತೋ ಒಡಾ’ ಎಂದು ಕೇಳಿಬಂದರೆ ಕೊನೆಯ ಆರ್ಡರ್, ಅಡುಗೆಯದು ಪಾನೀಯದ್ದಕ್ಕಿಂತ ಮುಂಚೆ ಮುಗಿಯುತ್ತದೆ.

ಬಿಲ್ಲಿಗೆ ‘ಒಕೈಕೇ ಒನೆಗೈಶಿಮಾಸ್’, ಗದ್ದಲವಿದ್ದರೆ ಎರಡು ತೋರುಬೆರಳನ್ನು ಅಡ್ಡಡ್ಡ ಇಟ್ಟು ತೋರಿಸಿ. ಇಂಥ ಕಡೆ ತಲೆಗೆ 5,000ರಿಂದ 8,000 ಯೆನ್ ಅಂದಾಜು, ಏಡಿ ಸೇರಿದರೆ ಅದು ದಾಟುತ್ತದೆ. ಟಿಪ್ಸ್ ಇಲ್ಲ. ಇಟ್ಟುಬಂದರೆ ಬೀದಿಯವರೆಗೆ ಓಡಿಬಂದು ಹಿಂತಿರುಗಿಸುತ್ತಾರೆ. ಕಾರ್ಡ್ ತೆಗೆದುಕೊಳ್ಳದ ಅಂಗಡಿಗಳು ಇನ್ನೂ ಇವೆ, ಕೂರುವ ಮೊದಲೇ ವಿಚಾರಿಸಿ. ಏಳುವಾಗ ‘ಗೊಚಿಸೋಸಾಮಾ ದೆಶಿತಾ’ ಎನ್ನಿ, ಅಡುಗೆಯವರಿಗೂ ಕೇಳುವಂತೆ.

ಹೋಟೆಲಿಗೆ ನಡೆದು ಹೋಗಿ, ಇಲ್ಲವೇ ಟ್ಯಾಕ್ಸಿ. ಕನಜಾವದಲ್ಲಿ ಮೂಲೆಮೂಲೆಗೂ ಬಾಡಿಗೆ ಸೈಕಲ್ ಸಿಗುತ್ತದೆ, ಆದರೆ ಕುಡಿದವರು ಮುಟ್ಟಬಾರದು. 2024ರ ನವೆಂಬರ್‌ನಿಂದ ಸೈಕಲಿಗೂ ಕಾನೂನು ಬಿಗಿಯಾಗಿದೆ: ಉಸಿರಿನಲ್ಲಿ ಲೀಟರಿಗೆ 0.15 ಮಿಲಿಗ್ರಾಂ ಮದ್ಯಸಾರ ಕಂಡರೆ ಮೂರು ವರ್ಷದವರೆಗೆ ಜೈಲು ಅಥವಾ 5 ಲಕ್ಷ ಯೆನ್‌ವರೆಗೆ ದಂಡ.